ಬುಧವಾರ ಮಧ್ಯಾಹ್ನ ಹೋಗಿ ಕಾಲೇಜು ನೋಡಿ ಬನ್ನಿ

ಸಿಇಟಿ ಫಲಿತಾಂಶ ಬಂದ ಸಂಜೆ ನನ್ನ ಮೊಬೈಲಿಗೆ ಬಿಡುವಿರುವುದಿಲ್ಲ. ತಿಪಟೂರು ತಾಲ್ಲೂಕಿನ ನಮ್ಮ ಊರಿನಿಂದ ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದ ಮೊದಲ ಹೆಣ್ಣುಮಗಳು ನಾನು. ಹಾಗಾಗಿ ಯಾರ ಮನೆಯ ಮಗುವಿಗೆ ಎಷ್ಟನೇ ರ‍್ಯಾಂಕ್ ಬಂತೆಂಬುದು ಆ ಮಗುವಿನ ಅಜ್ಜಿಗಿಂತ ಮೊದಲು ನನಗೆ ತಿಳಿಯುತ್ತದೆ. ಕೇಳುವ ಪ್ರಶ್ನೆ ಒಂದೇ: ‘ಯಾವ ಕಾಲೇಜಿಗೆ ಸೇರಿಸಿದರೆ ಕೆಲಸ ಗ್ಯಾರಂಟಿ?’

ಕೊಬ್ಬರಿಯ ಬೆಲೆಗೇ ಗ್ಯಾರಂಟಿ ಇಲ್ಲದ ಊರಿನವರು ಕಾಲೇಜಿನಿಂದ ಅದನ್ನು ಕೇಳುವುದು ನೋಡಿ ನಗು ಬರುತ್ತದೆ. ಆದರೂ ಉತ್ತರ ಕೊಡದೆ ಫೋನ್ ಇಡಲಾಗುವುದಿಲ್ಲ. ನಾನು ಪೀಣ್ಯದ ಎರಡನೇ ಹಂತದಲ್ಲಿ, ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಜೋಡಿಸಿಕೊಡುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತೇನೆ. ವರ್ಷಕ್ಕೆ ಎರಡು ಸಲ ಹೊಸಬರ ಸಂದರ್ಶನಕ್ಕೆ ಕೂರುತ್ತೇನೆ. ಕಾಲೇಜುಗಳ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಆ ಮೇಜಿನ ಈಚೆ ಕೂತು ಗಳಿಸಿದ್ದು. ಅದನ್ನೇ ಒಂದು ಕಡೆ ಬರೆದಿಟ್ಟರೆ ಮುಂದಿನ ವರ್ಷ ಫೋನಿನಲ್ಲಿ ಗಂಟಲು ಒಣಗುವುದು ತಪ್ಪುತ್ತದೆ ಎಂದು ಈ ಬರಹ. ಎಂಜಿನಿಯರಿಂಗ್ ಬಿಟ್ಟು ಬೇರೆ ಓದಿನ ಬಗ್ಗೆ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಕಾಲೇಜು ನೋಡುವ ರೀತಿ ಬಿಕಾಂಗೂ ಸಲ್ಲುತ್ತದೆ ಎಂದು ನಮ್ಮ ಲೆಕ್ಕಪತ್ರ ವಿಭಾಗದವರು ಹೇಳುತ್ತಾರೆ.

ಕಾಗದಪತ್ರ ಮೊದಲು

ಇದು ಬೇಸರದ ಕೆಲಸ, ಆದ್ದರಿಂದ ಮೊದಲೇ ಮುಗಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕರ್ನಾಟಕದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿಯದು, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರದು. ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟುಗಳಿವೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯಡಿಯ ಪತ್ರ ಬೇರೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ಹತ್ತೂ ವರ್ಷ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲೇ ಓದಿದವಳು, ಎರಡರಲ್ಲಿ ಒಂದನ್ನೂ ಅರ್ಜಿಯಲ್ಲಿ ತುಂಬಿರಲಿಲ್ಲ. ‘ಅದೆಲ್ಲ ನಮಗೆ ಸಿಗುತ್ತದೆಯೇ ಅಕ್ಕಾ’ ಎಂದಳು. ಸಿಗುತ್ತದೆ. ಕೇಳಬೇಕು, ಅದೂ ಅರ್ಜಿ ತುಂಬುವ ಹೊತ್ತಿಗೇ. ರ‍್ಯಾಂಕ್ ಬಂದ ಮೇಲೆ ನೆನಪಾದರೆ ತಾಲ್ಲೂಕು ಕಚೇರಿಯ ಮುಂದೆ ಎಲ್ಲರಿಗೂ ಒಟ್ಟಿಗೇ ನೆನಪಾಗಿರುತ್ತದೆ.

ಬುಧವಾರವೇ ಏಕೆ

ಕಾಲೇಜಿನವರು ಕರೆದ ದಿನ ಹೋಗಬೇಡಿ. ಅಂದು ಬಾಗಿಲಿಗೆ ತೋರಣವಿರುತ್ತದೆ, ಕೈಗೆ ಮಾವಿನ ಹಣ್ಣಿನ ಪಾನೀಯ ಕೊಡುತ್ತಾರೆ, ಸಭಾಂಗಣದಲ್ಲಿ ಎಸಿ ಓಡುತ್ತಿರುತ್ತದೆ. ಮದುವೆಯ ದಿನ ಹುಡುಗನ ಮನೆ ನೋಡಿದ ಹಾಗೆ. ಸೋಮವಾರ ಅರ್ಧ ಮಕ್ಕಳು ಊರಿನಿಂದ ಬಂದಿರುವುದಿಲ್ಲ, ಶುಕ್ರವಾರ ಮಧ್ಯಾಹ್ನ ಅರ್ಧ ಮಕ್ಕಳು ಊರಿಗೆ ಹೊರಟಿರುತ್ತಾರೆ. ಬುಧವಾರ, ಊಟ ಮುಗಿದ ಮೇಲೆ, ಎರಡು ಕಾಲು ಗಂಟೆಗೆ ಹೋಗಿ. ಪ್ರಯೋಗಾಲಯದ ತರಗತಿಗಳು ಸಾಮಾನ್ಯವಾಗಿ ಮಧ್ಯಾಹ್ನವೇ ಇರುತ್ತವೆ. ಸೆಮಿಸ್ಟರ್ ನಡೆಯುತ್ತಿರುವಾಗ ಹೋಗುವುದು ಮುಖ್ಯ. ಅಂದರೆ ಫಲಿತಾಂಶ ಬರುವವರೆಗೆ ಕಾಯದೆ, ದ್ವಿತೀಯ ಪಿಯುಸಿ ಮುಗಿದ ರಜೆಯಲ್ಲೇ ಎರಡು ಮೂರು ಕಾಲೇಜು ಸುತ್ತಬೇಕು.

ಹೋದವರು ಕಟ್ಟಡ ನೋಡುತ್ತಾ ನಿಲ್ಲಬೇಡಿ. ‘ಮುಂದಿನ ವರ್ಷ ಸೇರುವ ಮಗು, ಲ್ಯಾಬ್ ನೋಡಬಹುದೇ’ ಎಂದು ವಿಭಾಗದಲ್ಲಿ ಕೇಳಿ. ತೋರಿಸುವ ಕಾಲೇಜು, ತೋರಿಸದ ಕಾಲೇಜು ಎಂದು ಅಲ್ಲಿಗೇ ಎರಡು ಪಾಲಾಗುತ್ತದೆ. ಒಳಗೆ ಹೋದರೆ ಉಪಕರಣಗಳ ಲೆಕ್ಕ ಹಾಕಬೇಡಿ, ಉಪಕರಣಕ್ಕೆ ಎಷ್ಟು ಮಕ್ಕಳು ಎಂದು ಎಣಿಸಿ. ಒಂದು ಮೇಜಿಗೆ ಇಬ್ಬರು ಮೂವರಿದ್ದರೆ ಒಳ್ಳೆಯದು. ಆರು ಮಂದಿ ಇದ್ದರೆ ಒಬ್ಬ ಮಾಡುತ್ತಾನೆ, ಒಬ್ಬಳು ಬರೆದುಕೊಳ್ಳುತ್ತಾಳೆ, ನಾಲ್ವರು ಕಿಟಕಿ ನೋಡುತ್ತಾರೆ. ಆ ನಾಲ್ವರಲ್ಲಿ ನಾನೂ ಒಬ್ಬಳಾಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು, ಸವೆತ. ವಿದ್ಯುತ್ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹೊದಿಕೆ ಹೊಳೆಯುತ್ತಿದ್ದು ಗುಂಡಿಗಳ ಮೇಲಿನ ಅಕ್ಷರ ಒಂದೂ ಸವೆದಿಲ್ಲವೆಂದರೆ ಅದು ತಪಾಸಣೆಗೆ ಬರುವವರಿಗಾಗಿ ಇಟ್ಟ ಗೊಂಬೆ. ಗುಂಡಿಗಳು ಸವೆದಿರಲಿ, ಪ್ರೋಬಿನ ತಂತಿಗೆ ಟೇಪು ಸುತ್ತಿರಲಿ, ಮೇಜಿನ ಮೇಲೆ ಸೋಲ್ಡರ್ ಕಬ್ಬಿಣ ತಗುಲಿದ ಸುಟ್ಟ ಕಲೆಗಳಿರಲಿ. ಆ ಕಲೆಗಳನ್ನು ಕಂಡರೆ ನನಗೆ ಆ ಕಾಲೇಜಿನ ಮೇಲೆ ಪ್ರೀತಿ ಬರುತ್ತದೆ. ಕಂಪ್ಯೂಟರ್ ವಿಭಾಗವಾದರೆ ಸಂಜೆ ಐದರ ಮೇಲೆ ಲ್ಯಾಬಿನ ಬಾಗಿಲು ತೆರೆದಿರುತ್ತದೆಯೇ ಎಂದು ಕಾವಲುಗಾರರನ್ನು ಕೇಳಿ. ಕಾಲೇಜಿನ ನಿಜವಾದ ವೇಳಾಪಟ್ಟಿ ಗೊತ್ತಿರುವುದು ಅವರಿಗೆ.

ಆಮೇಲೆ ಗೇಟಿನ ಹೊರಗಿನ ಚಹಾ ಅಂಗಡಿಗೆ ಹೋಗಿ, ಅಂತಿಮ ವರ್ಷದ ಮಕ್ಕಳನ್ನು ಮಾತಾಡಿಸಿ. ‘ಕಾಲೇಜು ಹೇಗಿದೆ’ ಎಂದು ಕೇಳಿದರೆ ‘ಪರವಾಗಿಲ್ಲ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ಮೊದಲ ವರ್ಷ ಪಾಠ ಮಾಡಿದವರಲ್ಲಿ ಎಷ್ಟು ಮಂದಿ ಇನ್ನೂ ಇದ್ದಾರೆ? ನಿಮ್ಮ ತರಗತಿಯಲ್ಲಿ ಒಂದು ವಿಷಯವನ್ನೂ ಬಾಕಿ ಉಳಿಸಿಕೊಳ್ಳದೆ ಪಾಸಾಗಿ ಬಂದವರೆಷ್ಟು? ಕಳೆದ ತಿಂಗಳು ಯಾವ ಕಂಪನಿ ಬಂದಿತ್ತು, ಯಾರಿಗೆ ಸಿಕ್ಕಿತು, ಅವರು ಯಾವ ಊರಿನವರು? ಕೊನೆಯ ಪ್ರಶ್ನೆಗೆ ಕಾರಣವಿದೆ. ಬೆಂಗಳೂರಿನಲ್ಲೇ ಬೆಳೆದ ಮಕ್ಕಳಿಗೆ ಮಾತ್ರ ಕೆಲಸ ಸಿಗುವ ಕಾಲೇಜಿಗೂ, ಹಾವೇರಿಯ ಹುಡುಗನನ್ನು ನಾಲ್ಕು ವರ್ಷದಲ್ಲಿ ಬಾಯಿ ಬಿಡಿಸುವ ಕಾಲೇಜಿಗೂ ವ್ಯತ್ಯಾಸವಿದೆ.

ನನ್ನ ಅಣ್ಣನ ಮಗ ಕಳೆದ ವರ್ಷ ಹೀಗೆ ಮೂರು ಕಾಲೇಜು ನೋಡಿ ಬಂದ. ಅವನಿಗೆ ಬಹಳ ಮೆಚ್ಚುಗೆಯಾಗಿದ್ದ ಒಂದರಲ್ಲಿ ಲ್ಯಾಬಿಗೆ ಬೀಗ. ಸಹಾಯಕರು ರಜೆಯಂತೆ. ‘ಒಂದು ದಿನ ರಜೆ ಹಾಕಬಾರದೇ ಅತ್ತೆ?’ ಎಂದು ಅವರ ಪರ ವಾದಿಸಿದ. ಹಾಕಬಹುದು. ಮುಂದಿನ ಬುಧವಾರ ಮತ್ತೆ ಹೋಗು ಎಂದೆ. ಹೋದ. ಅಂದೂ ಬೀಗ.

ದೂರವನ್ನು ಮರೆಯಬೇಡಿ. ಮನೆಯಿಂದ ಓಡಾಡಿದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ ಎಂದು ಅಪ್ಪ ಅಮ್ಮ ಲೆಕ್ಕ ಹಾಕುತ್ತಾರೆ. ದಿನಕ್ಕೆ ಬಸ್ಸಿನಲ್ಲಿ 3 ಗಂಟೆ, ವರ್ಷಕ್ಕೆ 180 ದಿನ ಎಂದಿಟ್ಟುಕೊಂಡರೂ 4 ವರ್ಷಕ್ಕೆ 2,160 ಗಂಟೆ. ನಮ್ಮ ಕಾರ್ಖಾನೆಯ 8 ಗಂಟೆಯ ಪಾಳಿಯ ಲೆಕ್ಕದಲ್ಲಿ 270 ದಿನ ಬಸ್ಸಿನಲ್ಲಿ ದುಡಿದ ಹಾಗೆ. ಅದರಲ್ಲೂ ಹೆಣ್ಣುಮಕ್ಕಳು ಕೊನೆಯ ಬಸ್ಸಿನ ಹೆದರಿಕೆಯಲ್ಲಿ ಲ್ಯಾಬ್ ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಹಾಸ್ಟೆಲ್ ಇಲ್ಲದ, ಸಂಜೆ ನಾಲ್ಕಕ್ಕೆ ಖಾಲಿಯಾಗುವ ಕಾಲೇಜನ್ನು ನಾನು ಪಟ್ಟಿಯಲ್ಲಿ ಕೆಳಗೆ ಇಡುತ್ತೇನೆ.

ಪುಸ್ತಿಕೆಯ ಸಂಖ್ಯೆಗಳು

ಬಣ್ಣದ ಪುಸ್ತಿಕೆಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಅತಿ ಹೆಚ್ಚಿನ ಸಂಬಳ. ಅದು ಒಬ್ಬರದು. ನಿಮ್ಮ ಮಗು ಆ ಒಬ್ಬರಾಗಬಹುದು, ಬೇಡ ಎನ್ನುವುದಿಲ್ಲ. ಆದರೆ ನೀವು ಕೇಳಬೇಕಾದದ್ದು ಸಾಲಿನ ಮಧ್ಯದಲ್ಲಿ ನಿಂತವರ ಸಂಬಳ. ಒಂದು ವಿಭಾಗದಲ್ಲಿ 120 ಮಕ್ಕಳು, ‘150 ಉದ್ಯೋಗ ಪತ್ರಗಳು’ ಎಂದು ಬರೆದಿದ್ದರೆ ಎಲ್ಲರಿಗೂ ಸಿಕ್ಕು 30 ಮಿಕ್ಕಿದೆ ಎಂದರ್ಥವಲ್ಲ. ಐವತ್ತು ಮಕ್ಕಳಿಗೆ ಮೂರು ಮೂರು ಸಿಕ್ಕಿದ್ದರೂ 150 ಆಗುತ್ತದೆ. ಎಷ್ಟು ಮಕ್ಕಳಿಗೆ, ಯಾವ ಕೆಲಸಕ್ಕೆ, ಎಷ್ಟು ಮಂದಿ ನಿಜವಾಗಿ ಹೋಗಿ ಸೇರಿದರು ಎಂದು ಕೇಳಿ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ದೂರವಾಣಿಯಲ್ಲಿ ಸಾಲ ಮಾರುವ ಕೆಲಸ ಕೊಡಿಸಿ ಅದನ್ನೂ ಎಣಿಕೆಗೆ ಸೇರಿಸಿದ್ದನ್ನು ನೋಡಿದ್ದೇನೆ.

ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆಗಳು ನ್ಯಾಕ್ ಮತ್ತು ಎನ್‌ಬಿಎ. ನ್ಯಾಕ್ ಶ್ರೇಣಿ ಇಡೀ ಕಾಲೇಜಿಗೆ ಕೊಡುವಂಥದ್ದು. ಎನ್‌ಬಿಎ ಮಾನ್ಯತೆ ಒಂದೊಂದು ವಿಭಾಗಕ್ಕೆ ಬೇರೆ ಬೇರೆ. ‘ನಮಗೆ ಎನ್‌ಬಿಎ ಇದೆ’ ಎಂದರೆ ಯಾವ ವಿಭಾಗಕ್ಕೆ, ಯಾವ ವರ್ಷದವರೆಗೆ ಎಂದು ಕೇಳಿ. ಸಿವಿಲ್‌ಗೆ ಸಿಕ್ಕಿದ್ದನ್ನು ಕಂಪ್ಯೂಟರ್ ಸೈನ್ಸ್‌ನವರು ಹೇಳಿಕೊಂಡು ತಿರುಗುವುದುಂಟು.

ಕಾಲೇಜೋ, ವಿಭಾಗವೋ? ಎಲ್ಲರೂ ಕಂಪ್ಯೂಟರ್ ಸೈನ್ಸ್ ಕೇಳುತ್ತಾರೆ. ನನ್ನ ಅಭಿಪ್ರಾಯ ಇಷ್ಟೇ: ಹೊಸದಾಗಿ ಮೂರು ಬಗೆಯ ಕಂಪ್ಯೂಟರ್ ವಿಭಾಗ ತೆರೆದು, ಪಾಠ ಮಾಡುವವರನ್ನು ಇನ್ನೂ ಹುಡುಕುತ್ತಿರುವ ಕಡೆ ಸೇರುವುದಕ್ಕಿಂತ, ಹಳೆಯ ಕಾಲೇಜಿನ ಗಟ್ಟಿ ಎಲೆಕ್ಟ್ರಿಕಲ್ ವಿಭಾಗ ಮೇಲು. ಮನೆಯ ಮಿಕ್ಸಿ ಬಿಚ್ಚಿ ಜೋಡಿಸುವ ಮಗುವಾದರೆ ಎಂಜಿನಿಯರಿಂಗ್ ಕಾಲೇಜನ್ನೇ ಹಿಡಿದುಕೊಂಡು ಕೂರಬೇಡಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಅಚ್ಚು, ಉಪಕರಣ ತಯಾರಿಕೆ ಕಲಿಸುವ ಜಿಟಿಟಿಸಿಯ ಡಿಪ್ಲೊಮಾ ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ರಾಜಾಜಿನಗರದಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಈಗ ಹಲವು ಜಿಲ್ಲೆಗಳಲ್ಲಿದೆ. ನಮ್ಮ ಪಕ್ಕದ ಅಚ್ಚು ತಯಾರಿಸುವ ಘಟಕದವರು ಅಲ್ಲಿಯ ಮಕ್ಕಳು ಹೊರಬರುವುದನ್ನೇ ಕಾಯುತ್ತಾರೆ. ಪಾಲಿಟೆಕ್ನಿಕ್ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ನಮ್ಮ ಕಾರ್ಖಾನೆಯ ಇಬ್ಬರು ಒಳ್ಳೆಯ ಎಂಜಿನಿಯರುಗಳು ಆ ದಾರಿಯಲ್ಲಿ ಬಂದವರು.

ಇಚ್ಛೆಗಳ ಪಟ್ಟಿ

2005ರಲ್ಲಿ ನನ್ನ ಕೌನ್ಸೆಲಿಂಗ್‌ಗೆ ಅಪ್ಪನ ಜೊತೆ ರಾತ್ರಿಯ ರೈಲು ಹಿಡಿದು ಮಲ್ಲೇಶ್ವರಕ್ಕೆ ಬಂದಿದ್ದೆ. ಸರದಿ ಬಂದಾಗ ಪರದೆಯ ಮೇಲೆ ಉಳಿದ ಸೀಟುಗಳು. ಯೋಚಿಸಲು ಕೆಲವೇ ನಿಮಿಷ. ಅಪ್ಪ ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ನನ್ನ ನಾಲ್ಕು ವರ್ಷ ತೀರ್ಮಾನವಾಗಿತ್ತು. ಈಗ ಮನೆಯಲ್ಲೇ ಕೂತು ಆಪ್ಷನ್ ಎಂಟ್ರಿ ಮಾಡಬಹುದು, ಅಂದರೆ ಬೇಕಾದ ಕಾಲೇಜು, ವಿಭಾಗಗಳ ಪಟ್ಟಿ ತುಂಬಬಹುದು, ದಿನಗಟ್ಟಲೆ ಸಮಯವಿದೆ. ಆದರೂ ಜನ ಕೊನೆಯ ರಾತ್ರಿ ಹನ್ನೊಂದಕ್ಕೆ ಸೈಬರ್ ಅಂಗಡಿಯವನ ಕೈಲಿ ತುಂಬಿಸುತ್ತಾರೆ.

ಈ ಪಟ್ಟಿಯ ಬಗ್ಗೆ ಒಂದು ತಪ್ಪು ನಂಬಿಕೆ ಊರೂರಲ್ಲಿದೆ: ಸಿಗದ ಕಾಲೇಜನ್ನು ಮೇಲೆ ಬರೆದರೆ ಸಿಗುವುದೂ ಕೈತಪ್ಪುತ್ತದೆ ಎಂದು. ಹಾಗಿಲ್ಲ. ನಿಮ್ಮ ಸರದಿ ಬಂದಾಗ ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಎಲ್ಲಿ ಸೀಟು ಉಳಿದಿದೆಯೋ ಅಲ್ಲಿ ನಿಲ್ಲುತ್ತದೆ. ಮೇಲಿನ ಐದು ಸಿಗದಿದ್ದರೆ ಆರನೆಯದಕ್ಕೆ ಏನೂ ನಷ್ಟವಿಲ್ಲ. ಆದ್ದರಿಂದ ಆಸೆಯ ಕ್ರಮದಲ್ಲೇ ಬರೆಯಿರಿ, ಸಂಕೋಚ ಬೇಡ. ಎರಡನೆಯ ಮಾತು: ಹೋಗಿ ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿ ಉದ್ದವಾಗಲಿ ಎಂದು ತುಂಬಬೇಡಿ, ಅದೇ ಸಿಕ್ಕಿಬಿಡುತ್ತದೆ. ಮೂರನೆಯದು, ಹತ್ತು ಹನ್ನೆರಡಕ್ಕೆ ನಿಲ್ಲಿಸಲೂ ಬೇಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕುಗಳಿವೆ. ಕಾಲೇಜು, ವಿಭಾಗ, ನಿಮ್ಮ ಮೀಸಲಾತಿ ಗುಂಪು ಮೂರನ್ನೂ ಹೊಂದಿಸಿ ಎರಡು ವರ್ಷದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ರ‍್ಯಾಂಕಿಗಿಂತ ಮೇಲಿನವು ಕೆಲವು, ಆಸುಪಾಸಿನವು ಹಲವು, ಖಂಡಿತ ಸಿಗುವಂಥವು ಕೆಲವು ಇರಲಿ.

ಅಣಕು ಸೀಟು ಹಂಚಿಕೆ ಬಂದಾಗ ಸಿಹಿ ಹಂಚಬೇಡಿ, ಅತ್ತು ಕೂರಲೂ ಬೇಡಿ. ಪಟ್ಟಿ ತಿದ್ದಿಕೊಳ್ಳಲೆಂದೇ ಇರುವ ಅವಕಾಶ ಅದು. ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೆ ನಾಲ್ಕು ದಾರಿ ಕೇಳುತ್ತಾರೆ: ಒಪ್ಪಿ ಸೇರುವುದು, ಇದನ್ನು ಇಟ್ಟುಕೊಂಡು ಪಟ್ಟಿಯ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಪ್ರಯತ್ನಿಸುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಗುಳಿಯುವುದು. ಎರಡನೆಯದನ್ನು ಆರಿಸಿದವರಿಗೆ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಅಯ್ಯೋ, ಹಳೆಯದೇ ಇರಲಿ ಎಂದರೆ ಬರುವುದಿಲ್ಲ. ಮೂರನೆಯದು ಗಟ್ಟಿ ಗುಂಡಿಗೆಯವರಿಗೆ. ಶುಲ್ಕ, ಗಡುವುಗಳ ನಿಯಮ ವರ್ಷದಿಂದ ವರ್ಷಕ್ಕೆ ತುಸು ಬದಲಾಗುವುದರಿಂದ ಆ ವರ್ಷದ ಮಾಹಿತಿ ಪುಸ್ತಕವನ್ನೇ ಓದಿ, ನೆರೆಮನೆಯ ಹಿರಿಯ ವಿದ್ಯಾರ್ಥಿಯ ನೆನಪನ್ನು ನಂಬಬೇಡಿ.

ಹಣದ ಬಗ್ಗೆ ಎರಡೇ ಮಾತು. ಪ್ರಾಧಿಕಾರಕ್ಕೆ ಕಟ್ಟುವ ಶುಲ್ಕ ಒಂದು, ಕಾಲೇಜಿನಲ್ಲಿ ‘ಇತರೆ’ ಎಂಬ ಹೆಸರಿನಲ್ಲಿ ಕೇಳುವುದು ಇನ್ನೊಂದು. ಎರಡಕ್ಕೂ ರಸೀದಿ ಪಡೆಯಿರಿ. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಿಗುತ್ತದೆ, ತೋಟದ ಪಹಣಿ ಹಿಡಿದುಕೊಂಡು ಓಡುವ ಮೊದಲು ಇದನ್ನು ತಿಳಿದಿರಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಉನ್ನತ ಶಿಕ್ಷಣದ ಮೇಲ್ವಿಚಾರಣೆ ನಡೆಸುವ ಯುಜಿಸಿಯೂ ಎಐಸಿಟಿಇಯೂ ಕಾಲೇಜುಗಳಿಗೆ ಹೇಳಿವೆ. ಅದನ್ನು ನಯವಾಗಿ ನೆನಪಿಸಿ.

ಮೂರನೇ ವರ್ಷದಿಂದ ಕೈ ಕೊಳೆಯಾಗಲಿ

ಸಂದರ್ಶನದ ಮೇಜಿನ ಈಚೆ ಏನು ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ, ಗುಟ್ಟೇನಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ಕೊಳ್ಳುವ ವ್ಯಾಪಾರ ಬೆಂಗಳೂರಿನಲ್ಲಿ ಜೋರಾಗಿದೆ. ವರದಿ, ಯಂತ್ರ, ವಿವರಣೆಯ ವಿಡಿಯೊ ಎಲ್ಲ ಸಿದ್ಧ. ಮುಂದೆ ಕೂತವರು ಮಾಡಿದವರೋ ಕೊಂಡವರೋ ಎಂದು ತಿಳಿಯಲು ನಾನು ಕೇಳುವುದು ಒಂದೇ: ‘ಮಾಡುವಾಗ ಮೊದಲು ಏನು ಸುಟ್ಟುಹೋಯಿತು?’

ಮಾಡಿದವರ ಮುಖದಲ್ಲಿ ಥಟ್ಟನೆ ನಗು ಬರುತ್ತದೆ. ‘ಮೇಡಂ, ಮೋಟಾರ್ ಡ್ರೈವರ್ ಎರಡು ಸಲ ಹೋಯಿತು, ಗ್ರೌಂಡ್ ಸೇರಿಸುವುದು ಮರೆತಿದ್ದೆವು’ ಎಂದು ಶುರುಮಾಡಿದರೆ ನಿಲ್ಲಿಸುವುದು ಕಷ್ಟ. ಕೊಂಡವರು ಗಂಭೀರವಾಗಿ ‘ಏನೂ ಸುಡಲಿಲ್ಲ’ ಎನ್ನುತ್ತಾರೆ. ಏನೂ ಸುಡದ ಪ್ರಾಜೆಕ್ಟ್ ನಾನು ಈವರೆಗೆ ಕಂಡಿಲ್ಲ.

ಆದ್ದರಿಂದ ಮೂರನೇ ವರ್ಷ ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಸದರ್ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು; ರೆಸಿಸ್ಟರ್‌ನಿಂದ ಹಿಡಿದು ಹಳೆಯ ಲ್ಯಾಪ್‌ಟಾಪಿನವರೆಗೆ ಸಿಗುವ ಗಲ್ಲಿಗಳು. 25 ವಾಟ್‌ನ ಸೋಲ್ಡರಿಂಗ್ ಕಬ್ಬಿಣ, ಒಂದು ಸುರುಳಿ ಸೋಲ್ಡರ್ ತಂತಿ, ಮಲ್ಟಿಮೀಟರ್, ಬ್ರೆಡ್‌ಬೋರ್ಡ್ ತನ್ನಿ. ಮನೆಯಲ್ಲಿ ಕೆಟ್ಟು ಬಿದ್ದಿರುವ ಯುಪಿಎಸ್ ಅಥವಾ ರೇಡಿಯೊ ಬಿಚ್ಚಿ. ಬಿಚ್ಚುವ ಮೊದಲು ಪ್ಲಗ್ ತೆಗೆದಿರಬೇಕು, ಯುಪಿಎಸ್ ಆದರೆ ಬ್ಯಾಟರಿಯ ತಂತಿಯನ್ನೂ. ದೊಡ್ಡ ಕೆಪ್ಯಾಸಿಟರಿನ ತುದಿಗಳನ್ನು ಬೆರಳಿನಿಂದ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ನಾನು ಎಲೆಕ್ಟ್ರಾನಿಕ್ಸ್ ಪದವಿ ಪಡೆದಾಗ ಒಂದು ನೇರವಾದ ಬೆಸುಗೆ ಹಾಕಲೂ ಬರುತ್ತಿರಲಿಲ್ಲ. ಅದನ್ನು ಈಗ ಹೇಳಿಕೊಳ್ಳುವಾಗಲೂ ಕಿವಿ ಬಿಸಿಯಾಗುತ್ತದೆ.

ಇಂಟರ್ನ್‌ಶಿಪ್ ವಿಷಯದಲ್ಲಿ ಎಚ್ಚರ. ನೀವೇ ಹಣ ಕೊಟ್ಟು, ಹದಿನೈದು ದಿನ ಆನ್‌ಲೈನ್ ಪಾಠ ಕೇಳಿ ಪಡೆದ ಪ್ರಮಾಣಪತ್ರ ಕಾಲೇಜಿನ ಅಂಕಕ್ಕೆ ಸಾಕಾಗಬಹುದು, ಸಂದರ್ಶನಕ್ಕೆ ಸಾಲದು. ಅದರ ಬದಲು ಪೀಣ್ಯವೋ, ಹುಬ್ಬಳ್ಳಿಯ ಗೋಕುಲ ರಸ್ತೆಯೋ, ಶಿವಮೊಗ್ಗದ ಮಾಚೇನಹಳ್ಳಿಯೋ, ಹತ್ತಿರದ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಸಣ್ಣ ಘಟಕಗಳ ಬಾಗಿಲು ತಟ್ಟಿ. ಹತ್ತರಲ್ಲಿ ಎಂಟು ಕಡೆ ‘ಆಗುವುದಿಲ್ಲ’ ಎನ್ನುತ್ತಾರೆ. ಒಂಬತ್ತನೆಯವರು ‘ಬಂದು ನಿಂತು ನೋಡು’ ಎನ್ನುತ್ತಾರೆ, ಅಲ್ಲಿ ಒಂದು ತಿಂಗಳು ಸ್ಟೋರಿನ ಲೆಕ್ಕ ಬರೆದರೂ ಲಾಭವೇ. ಯಾವ ಭಾಗ ಎಲ್ಲಿಂದ ಬರುತ್ತದೆ, ಏಕೆ ತಡವಾಗುತ್ತದೆ, ಬಾರದಿದ್ದರೆ ಯಾರು ಯಾರನ್ನು ಬೈಯುತ್ತಾರೆ ಎಂಬ ಪಾಠಕ್ಕೆ ಪಠ್ಯಪುಸ್ತಕವಿಲ್ಲ.

ಪತ್ರ ಬಂದರೆ ಕೆಲಸ ಬಂದ ಹಾಗಲ್ಲ

ನನಗೆ ಏಳನೇ ಸೆಮಿಸ್ಟರಿನಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯ ಪತ್ರ ಬಂದಿತ್ತು. ಊರಿನ ದೇವಸ್ಥಾನದಲ್ಲಿ ಅಮ್ಮ ಪೂಜೆ ಮಾಡಿಸಿದಳು. ಅಷ್ಟರಲ್ಲಿ 2008ರ ಆರ್ಥಿಕ ಕುಸಿತ. ಸೇರುವ ದಿನ ಮೂರು ತಿಂಗಳು ಮುಂದೆ ಹೋಯಿತು, ಮತ್ತೆ ಮೂರು ತಿಂಗಳು, ಆಮೇಲೆ ಇಮೇಲಿಗೆ ಉತ್ತರವೇ ಇಲ್ಲ. ಊರಿನಲ್ಲಿ ಎದುರಾದವರೆಲ್ಲ ‘ಯಾವಾಗ ಹೋಗುತ್ತೀಯಮ್ಮ?’ ಎನ್ನುವವರೇ. ಕೊನೆಗೆ 2010ರ ಜನವರಿಯಲ್ಲಿ ಚಿಕ್ಕಪ್ಪನ ಪರಿಚಯದ ಒಂದು ಪೀಣ್ಯದ ಘಟಕಕ್ಕೆ ತಪಾಸಕಿಯಾಗಿ ಸೇರಿದೆ, ತಿಂಗಳಿಗೆ 7,000 ರೂಪಾಯಿಗೆ.

ಅಂದಿನಿಂದ ನಾನು ಹೇಳುವುದು: ಪತ್ರದಲ್ಲಿ ಸೇರುವ ದಿನಾಂಕ ಇಲ್ಲದಿದ್ದರೆ ಹುಡುಕಾಟ ನಿಲ್ಲಿಸಬೇಡಿ. ಬಾಂಡ್ ಎಂದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಹಣ ಎಂದು ಸಹಿಗೆ ಮೊದಲು ಓದಿ. ಮೂಲ ಪ್ರಮಾಣಪತ್ರ ಒತ್ತೆ ಇಡು ಎಂದರೆ ಎದ್ದು ಬನ್ನಿ. ಕೆಲಸ ಕೊಡಿಸಲು ಮುಂಗಡ ಕೇಳಿದರೆ, ಅದಕ್ಕೆ ಅವರು ‘ಭದ್ರತಾ ಠೇವಣಿ’, ‘ತರಬೇತಿ ಶುಲ್ಕ’ ಎಂದು ಏನೇ ಹೆಸರಿಟ್ಟರೂ, ಕೊಡಬೇಡಿ.

ಏನೂ ಸಿಗದೆ ಕೂತಿರುವವರು ಕೇಂದ್ರದ ಅಪ್ರೆಂಟಿಸ್ ಯೋಜನೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ಒಂದು ವರ್ಷದ ತರಬೇತಿ, ತಿಂಗಳಿಗಿಷ್ಟೆಂದು ಭತ್ಯೆ, ಕೊನೆಗೆ ಪ್ರಮಾಣಪತ್ರ. ಬಿಇಎಲ್, ಎಚ್‌ಎಎಲ್‌ನಂಥ ಕಡೆಗಳಲ್ಲೂ ತೆಗೆದುಕೊಳ್ಳುತ್ತಾರೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ತಿಂಗಳಿಗೆ, ಎರಡು ವರ್ಷದವರೆಗೆ. ಇದರಲ್ಲಿ ನಾಚಿಕೆಯೇನೂ ಇಲ್ಲ, ಬಸ್ ಚಾರ್ಜಿಗಾಗುತ್ತದೆ.

ಮೂರು ಲಕ್ಷ ಎಂದರೆ ಎಷ್ಟು

‘ವರ್ಷಕ್ಕೆ 3 ಲಕ್ಷ’ ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ನಂಬಿ ಬಾಡಿಗೆ ಮನೆ ಹಿಡಿದವರಿದ್ದಾರೆ. ಮೂಲ ವೇತನ 15,000 ಎಂದಿಟ್ಟುಕೊಳ್ಳಿ. ಆ 25,000ದ ಒಳಗೇ ಕಂಪನಿಯ ಪಾಲಿನ ಭವಿಷ್ಯ ನಿಧಿ 1,800, ಗ್ರಾಚ್ಯುಟಿ ಎಂದು ಸುಮಾರು 720 ಸೇರಿರುತ್ತದೆ. ಉಳಿಯುವುದು 22,480. ಅದರಲ್ಲಿ ನಿಮ್ಮ ಪಾಲಿನ ಭವಿಷ್ಯ ನಿಧಿ ಮತ್ತೆ 1,800 ಹೋಗಿ 20,680. ಗುಂಪು ವಿಮೆ, ಊಟ, ವಾಹನದ ಕಡಿತವಿದ್ದರೆ ಇನ್ನೂ ಇಳಿಯುತ್ತದೆ. ಕಡಿತಗಳಿಗೆ ಮೊದಲಿನ ತಿಂಗಳ ಸಂಬಳ 21,000ದ ಒಳಗಿದ್ದರೆ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ 0.75 ಕಡಿತವಾಗುತ್ತದೆ, ಅದಕ್ಕೆ ಗೊಣಗಬೇಡಿ, ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ಜೀವನಪೂರ್ತಿ ಒಂದೇ. ಕೆಲಸ ಬದಲಿಸಿದಾಗ ಹೊಸದು ಮಾಡಿಸಿಕೊಂಡು ಹಳೆಯದರ ಹಣ ಹುಡುಕುತ್ತಾ ಅಲೆಯಬೇಡಿ.

ಊಟ, ವಸತಿ ಕೊಡುವ ಪಿಜಿ ನೋಡಲು ಹೋಗುವಾಗಲೂ ನನ್ನ ಬುಧವಾರದ ನಿಯಮವೇ, ಸ್ವಲ್ಪ ಬದಲಾಗಿ: ಬೆಳಗ್ಗೆ ಏಳೂವರೆಗೆ ಹೋಗಿ. ನೀರು ಬರುತ್ತಿದೆಯೇ, ಸ್ನಾನಕ್ಕೆ ಸಾಲು ಎಷ್ಟುದ್ದ, ತಿಂಡಿ ಏನು, ಎಲ್ಲ ಒಂದೇ ಸಲಕ್ಕೆ ತಿಳಿಯುತ್ತದೆ. ಬಿಡುವಾಗ ಮುಂಗಡದಲ್ಲಿ ಎಷ್ಟು ಹಿಡಿಯುತ್ತಾರೆ ಎಂದು ಬರೆಸಿಕೊಳ್ಳಿ.

ಪಟ್ಟಿಯ ಕಡೆಯ ಅಕ್ಕ

ನಾನು ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳು. ಒಂದು ಹೊಸ ಬೋರ್ಡಿನ ಮೊದಲ ತುಣುಕನ್ನು ತಪಾಸಣೆ ಮಾಡಿ ‘ಸರಿ’ ಎಂದು ಸಹಿ ಹಾಕುವುದು ನನ್ನ ಕೆಲಸ. ಅದರಲ್ಲಿ ಟ್ಯಾಂಟಲಮ್ ಕೆಪ್ಯಾಸಿಟರುಗಳಿದ್ದವು. ಕೆಪ್ಯಾಸಿಟರಿನ ಮೈಮೇಲೆ ಗೆರೆಯಂಥ ಪಟ್ಟಿಯಿರುವ ಕಡೆ ಋಣ (ಮೈನಸ್) ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಅದು ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್‌ಗೆ ಸರಿ; ಟ್ಯಾಂಟಲಮ್‌ನಲ್ಲಿ ಪಟ್ಟಿ ಇರುವುದು ಧನದ (ಪ್ಲಸ್) ಕಡೆಗೆ. ನಾನು ತಿರುಗುಮುರುಗಾಗಿ ಒಪ್ಪಿದೆ. ಅರವತ್ತು ಬೋರ್ಡು ಮುಗಿದಾಗ ಸಾಲಿನ ಕೊನೆಯಲ್ಲಿ ಕೂರುತ್ತಿದ್ದ ಅಕ್ಕ, ಎಸ್‌ಎಸ್‌ಎಲ್‌ಸಿವರೆಗೆ ಓದಿದವರು, ಒಂದನ್ನು ಕೈಲಿ ಹಿಡಿದು ಬಂದು ‘ಮೇಡಂ, ಇದು ಹಿಂದಿನ ಮಾಡೆಲ್‌ನಲ್ಲಿ ಹೀಗಿರಲಿಲ್ಲವಲ್ಲ’ ಎಂದರು. ನಾನು ‘ನಕ್ಷೆಯಲ್ಲಿ ಹೀಗೇ ಇದೆ’ ಎಂದು ಕಳಿಸಿದೆ. ಅವರು ಸುಮ್ಮನೆ ಹೋಗಲಿಲ್ಲ. ಮೇಲ್ವಿಚಾರಕರನ್ನು ಕರೆತಂದರು. ಪರೀಕ್ಷೆಗೆಂದು ಒಂದಕ್ಕೆ ವಿದ್ಯುತ್ ಕೊಟ್ಟಾಗ ಪಟ್ ಎಂದು ಸಿಡಿಯಿತು, ಕಿಡಿ ಹಾರಿತು, ನನ್ನ ಕಣ್ಣಲ್ಲಿ ನೀರು. ಅರವತ್ತನ್ನೂ ಬಿಚ್ಚಿ ಸರಿಪಡಿಸಲು ಎರಡು ಸಂಜೆ ಹಿಡಿಯಿತು. ಆ ಎರಡು ಸಂಜೆ ಆ ಅಕ್ಕನೇ ನನಗೆ ಸೋಲ್ಡರಿಂಗ್ ಕಲಿಸಿದರು.

ಹೊಸದಾಗಿ ಸೇರುವವರಿಗೆ ನಾನು ಹೇಳುವ ನಿಯಮಗಳೆಲ್ಲ ಆ ಸಂಜೆಗಳಿಂದ ಬಂದವು. ಕಿಸೆಯಲ್ಲಿ ಹಿಡಿಸುವ ಒಂದು ಪುಸ್ತಕ ಇಟ್ಟುಕೊಂಡು, ಕೇಳಿದ್ದನ್ನು ಎರಡನೇ ಸಲ ಕೇಳದ ಹಾಗೆ ಬರೆದುಕೊಳ್ಳಿ. ಯಂತ್ರದ ಮುಂದೆ ಹತ್ತು ವರ್ಷ ನಿಂತವರನ್ನು ಅಣ್ಣ, ಅಕ್ಕ ಎಂದು ಕರೆಯಿರಿ, ನಿಮ್ಮ ಪದವಿ ಏನೇ ಇರಲಿ. ತಪ್ಪಾದರೆ ಪಾಳಿ ಮುಗಿಯುವ ಮೊದಲು ನೀವೇ ಹೇಳಿ. ಒಂದು ಬೋರ್ಡಿನ ತಪ್ಪಿಗೆ ಬೈಗುಳ, ಮುಚ್ಚಿಟ್ಟು ಸಾವಿರವಾದರೆ ಗ್ರಾಹಕರ ಇಮೇಲ್. ಮೂರು ತಿಂಗಳು ‘ಇಲ್ಲಿ ಏನೂ ಕಲಿಯುವುದಿಲ್ಲ’ ಎನ್ನಿಸುತ್ತದೆ, ಊರಿನ ನೆನಪು ಕಾಡುತ್ತದೆ. ಆ ಮೂರು ತಿಂಗಳಲ್ಲಿ ರಾಜೀನಾಮೆ ಬರೆಯಬೇಡಿ. ನಾಲ್ಕನೆಯದರಲ್ಲೂ ಹಾಗೇ ಅನ್ನಿಸಿದರೆ ಆಗ ಯೋಚಿಸಿ.

ಅಂದ ಹಾಗೆ, ಬೀಗದ ಕಾಲೇಜನ್ನು ಅಣ್ಣನ ಮಗ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ ಬರೆದ. ಒಂಬತ್ತನೆಯದು ಸಿಕ್ಕಿತು. ಈಗ ಎರಡನೇ ವರ್ಷ. ಮೊನ್ನೆ ಫೋನ್ ಮಾಡಿ ವೋಲ್ಟೇಜ್ ರೆಗ್ಯುಲೇಟರ್ ಒಂದನ್ನು ಸುಟ್ಟೆ ಎಂದ. ದನಿಯಲ್ಲಿ ಹೆಮ್ಮೆ ಇತ್ತು.

ಕೆಲಸಕ್ಕೆ ಸೇರುವ ದಿನ ಎಲ್ಲ ಅಂಕಪಟ್ಟಿಗಳ ಎರಡು ಜೊತೆ ನಕಲು, ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕದ ಮೊದಲ ಪುಟದ ನಕಲು, ಆರು ಭಾವಚಿತ್ರ ತನ್ನಿ. ನಮ್ಮಂಥ ಕಡೆ ಬರುವವರು ಹತ್ತಿ ಬಟ್ಟೆ ಹಾಕಿಕೊಳ್ಳಿ, ನೈಲಾನ್ ಬೇಡ. ಅದರ ಸ್ಥಿರ ವಿದ್ಯುತ್ತಿಗೆ ಬೋರ್ಡಿನ ಚಿಪ್‌ಗಳು ಸಾಯುತ್ತವೆ. ದುಪಟ್ಟಾ ಪಿನ್ನು ಹಾಕಿರಲಿ. ಊಟದ ಡಬ್ಬಿ ತರುವುದು ಒಳ್ಳೆಯದು, ನಮ್ಮ ಕ್ಯಾಂಟೀನಿನಲ್ಲಿ ಒಂದು ಗಂಟೆಯ ಮೇಲೆ ಬಂದವರಿಗೆ ಬರೀ ಅನ್ನ ಮಜ್ಜಿಗೆ.